11 ವರ್ಷ ಸೋಲಾರ್ ಸೈಟಲ್ಲಿ ಕಳೀತು, ಈಗ ರೀಜನಲ್ ಹೆಡ್ ಪೋಸ್ಟ್ ಎದುರಿಗಿದೆ. ಎಂಬಿಎ ಮಾಡ್ಲಾ, ಹಿಂಗೇ ಹೋಗ್ಲಾ?

ಬಯಲುಸೀಮೆ_ಇಂಜಿನಿಯರ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ. ಡಿಪ್ಲೊಮಾ ಆದ್ಮೇಲೆ ಲ್ಯಾಟರಲ್ ಎಂಟ್ರೀಲಿ ಬಿಇ ಎಲೆಕ್ಟ್ರಿಕಲ್ ಮಾಡ್ದೋನು ನಾನು. ಮೊದ್ಲು 3 ವರ್ಷ ಗುತ್ತಿಗೆ ಕಂಪ್ನೀಲಿ ಪೈಲಿಂಗ್ ಮಾಡ್ಸೋದು ಕೇಬಲ್ ಎಳ್ಸೋದು, ಆಮೇಲೆ 8 ವರ್ಷದಿಂದ ಚಿತ್ರದುರ್ಗ ತುಮಕೂರು ಕಡೆ ಸೋಲಾರ್ ಪ್ಲಾಂಟ್ ಮೇಂಟೆನೆನ್ಸ್. ಈಗ 3 ಪ್ಲಾಂಟ್ ಸೇರಿ 130 ಮೆಗಾವ್ಯಾಟ್ ನನ್ನ ಜವಾಬ್ದಾರಿ, ಟೆಕ್ನಿಷಿಯನ್ನು, ಸೆಕ್ಯುರಿಟಿ, ಪ್ಯಾನಲ್ ತೊಳೆಯೋರು, ಹುಲ್ಲು ಕೊಯ್ಯೋರು ಎಲ್ಲಾ ಸೇರಿ 70 ಜನ ಇದಾರೆ.

ಕಂಪ್ನೀಲಿ ಈಗ ರೀಜನಲ್ ಹೆಡ್ ಅಂತ ಒಂದು ಪೋಸ್ಟ್ ಖಾಲಿ ಆಗಿದೆ, ಬೆಂಗ್ಳೂರಲ್ಲಿ. ಸೋಲಾರ್, ವಿಂಡು, ಜೊತೆಗೆ ಹೊಸದಾಗಿ ಬರ್ತಿರೋ ಬ್ಯಾಟರಿ ಪ್ರಾಜೆಕ್ಟ್, 4 ರಾಜ್ಯ ನೋಡ್ಕೋಬೇಕು. ಅಪ್ಲೈ ಮಾಡು ಅಂತ ನಮ್ಮ ಸಾಹೇಬ್ರೇ ಹೇಳಿದಾರೆ. ಎಚ್‌ಆರ್ ಕಡೆಯವ್ರು ಮಾತ್ರ ಎಂಬಿಎ ಇದ್ದಿದ್ರೆ ಚೆನ್ನಾಗಿತ್ತು, ಲೀಡರ್‌ಶಿಪ್ ಪ್ರೊಫೈಲ್ ಬೇಕು ಅಂತಿದಾರೆ. ವಯಸ್ಸು 36, ಹೆಂಡ್ತಿ ಶಿರಾದಲ್ಲಿ ಟೀಚರ್, ಎರಡು ಮಕ್ಳು. ಲಕ್ಷಗಟ್ಲೆ ಸಾಲ ಮಾಡಿ ಎಂಬಿಎ ಮಾಡ್ಬೇಕಾ? ಈ ಫೀಲ್ಡಲ್ಲಿ ಮೇಲೆ ಹೋದವ್ರು ಹೆಂಗೆ ಹೋದ್ರು? ಸರ್ಕಾರಿ ಕಡೆ ಇರೋರೂ ಹೇಳಿ, ನಂಗೆ ಆ ಪ್ರಪಂಚ ಗೊತ್ತಿಲ್ಲ.

ಲೆಕ್ಕದ_ಮನುಷ್ಯ

ನಾನು ಪವರ್ ಪ್ರಾಜೆಕ್ಟ್‌ಗಳಿಗೆ ಸಾಲ ಕೊಡೋ ಕಡೆ ಕೆಲ್ಸ ಮಾಡೋನು. ನೇರವಾಗಿ ಹೇಳ್ತೀನಿ, ಎಂಬಿಎ ಸರ್ಟಿಫಿಕೇಟ್ ಬೇಕಾಗಿಲ್ಲ, ಆದ್ರೆ ಎಂಬಿಎನಲ್ಲಿ ಕಲಿಸೋ ಅರ್ಧ ವಿಷ್ಯ ಬೇಕೇ ಬೇಕು. ನಿಮ್ಮ ಒಂದು 50 ಮೆಗಾವ್ಯಾಟ್ ಪ್ಲಾಂಟೇ ತಗೊಳ್ಳಿ. 25% ಸಿಯುಎಫ್ (ವರ್ಷವಿಡೀ ಪೂರ್ತಿ ಸಾಮರ್ಥ್ಯದಲ್ಲಿ ಓಡಿದ್ರೆ ಬರೋ ಕರೆಂಟಲ್ಲಿ ನಿಜವಾಗಿ ಬರೋ ಪಾಲು) ಅಂದ್ರೆ ವರ್ಷಕ್ಕೆ ಹತ್ತತ್ರ 11 ಕೋಟಿ ಯೂನಿಟ್, ಯೂನಿಟ್‌ಗೆ 3 ರೂಪಾಯಿ ಅಂತ ಇಟ್ಕೊಂಡ್ರೆ 33 ಕೋಟಿ ರೂಪಾಯಿ. ಅಲ್ಲಿಗೆ ವರ್ಷದ ಉತ್ಪಾದನೇಲಿ 1% ಹೋಯ್ತು ಅಂದ್ರೆ 33 ಲಕ್ಷ ಹೋಯ್ತು. ಈ ಲೆಕ್ಕ ಬಾಯಲ್ಲಿ ಬರ್ಬೇಕು. ಸಾಲದ ಕಂತಿಗೆ ಎಷ್ಟು ಹೋಗುತ್ತೆ, ಪಿಪಿಎನಲ್ಲಿ (ಕರೆಂಟ್ ಮಾರೋ ಒಪ್ಪಂದ) ಯಾವ ಷರತ್ತು ಮುರಿದ್ರೆ ದಂಡ, ಡಿಎಸ್‌ಎಂ ಚಾರ್ಜ್ (ಶೆಡ್ಯೂಲ್‌ಗಿಂತ ಹೆಚ್ಚುಕಮ್ಮಿ ಕರೆಂಟ್ ಕೊಟ್ರೆ ಬೀಳೋದು) ಯಾಕೆ ಬಿತ್ತು, ಇಷ್ಟು ಗೊತ್ತಿಲ್ದೆ ಆ ಕುರ್ಚೀಲಿ ಕೂತ್ರೆ ಪ್ರತಿ ಮೀಟಿಂಗಲ್ಲೂ ಫೈನಾನ್ಸ್‌ನವ್ರು ಹೇಳಿದ್ದೇ ಫೈನಲ್ ಆಗುತ್ತೆ. ನಿಮ್ಮ ಪ್ಲಾಂಟಿನ ಪಿಪಿಎ ಪೂರ್ತಿ ಓದಿದೀರಾ? ಓದಿಲ್ಲ ಅಂದ್ರೆ ಅಲ್ಲಿಂದ ಶುರು ಮಾಡಿ.

ಬಯಲುಸೀಮೆ_ಇಂಜಿನಿಯರ್

ಓದಿಲ್ಲ ಸರ್. ಇವತ್ತೇ ತರಿಸ್ಕೊತೀನಿ.

ನಿವೃತ್ತ_ಇಇ

ಮಗು, ನಾನು ಕೆಇಬಿ (ಹಳೇ ರಾಜ್ಯ ವಿದ್ಯುತ್ ಮಂಡಳಿ) ಇದ್ದ ಕಾಲಕ್ಕೆ ಎಇ (ಅಸಿಸ್ಟೆಂಟ್ ಇಂಜಿನಿಯರ್) ಆಗಿ ಸೇರಿ, 1999ರಲ್ಲಿ ಬೋರ್ಡ್ ಹೋಗಿ ಕೆಪಿಟಿಸಿಎಲ್ ಬಂದಿದ್ದು, ಆಮೇಲೆ 2002ರಲ್ಲಿ ಎಸ್ಕಾಂಗಳು (ಕರೆಂಟ್ ವಿತರಣಾ ಕಂಪ್ನಿಗಳು) ಬೇರೆ ಆಗಿದ್ದು ಎಲ್ಲಾ ಒಳಗಿಂದ ನೋಡಿ ಇಇ (ಎಕ್ಸಿಕ್ಯೂಟಿವ್ ಇಂಜಿನಿಯರ್) ಆಗಿ ರಿಟೈರ್ ಆದವನು. ಸರ್ಕಾರಿ ದಾರಿ ಕೇಳಿದ್ಯಲ್ಲ, ಅದು ಎಇ, ಎಇಇ, ಇಇ, ಎಸ್‌ಇ, ಸಿಇ ಅಂತ ಮೆಟ್ಲು, ಅದರ ಮೇಲೆ ಡೈರೆಕ್ಟರ್. ಎಂಡಿ ಕುರ್ಚೀಲಿ ಸಾಮಾನ್ಯವಾಗಿ ಐಎಎಸ್‌ನವ್ರು ಕೂರ್ತಾರೆ. ಕೇಂದ್ರದ ಕಂಪ್ನಿಗಳಲ್ಲಿ ಹಂಗಲ್ಲ, ಗೇಟ್ ಬರೆದು ಟ್ರೈನಿ ಆಗಿ ಸೇರಿದ ಹುಡುಗ್ರೇ ಮೇಲೆ ಬಂದು ಪಿಇಎಸ್‌ಬಿ (ಕೇಂದ್ರದ ಕಂಪ್ನಿಗಳ ದೊಡ್ಡ ಹುದ್ದೆಗೆ ಜನ ಆರಿಸೋ ಮಂಡಳಿ) ಇಂಟರ್‌ವ್ಯೂ ದಾಟಿ ಡೈರೆಕ್ಟರು, ಸಿಎಂಡಿ ಆಗಿದ್ದು ಬಹಳ ಇದೆ. ನಿನ್ನ ವಯಸ್ಸಿಗೆ ಆ ಎರಡೂ ಬಾಗ್ಲು ಹೆಚ್ಚುಕಮ್ಮಿ ಮುಚ್ಚಿದೆ, ಅದನ್ನ ಬಿಡು.

ನಾನು ಹೇಳ್ಬೇಕು ಅಂದ್ಕೊಂಡಿದ್ದು ಬೇರೆ. ಒಂದು ಮಳೆಗಾಲ, ರಾತ್ರಿ 9 ಗಂಟೆ, ಮಲೆನಾಡಿನ ಅಂಚಿನ ಒಂದು ತಾಲೂಕು. ಮರ ಬಿದ್ದು 66 ಕೆವಿ ಲೈನ್ ಹೋಗಿತ್ತು. ಗ್ಯಾಂಗ್ ಕೆಲ್ಸ ಮುಗಿಸ್ತು, ಮೇಸ್ತ್ರಿ ಬಂದು ಎಲ್ಸಿ (ಲೈನ್ ಆಫ್ ಇದೆ, ಕೆಲ್ಸ ಮಾಡ್ಬಹುದು ಅನ್ನೋ ಪರ್ಮಿಟ್) ರಿಟರ್ನ್ ಮಾಡೋಕೆ ಸೈನ್ ಹಾಕೋಕೆ ಪೆನ್ ತಗೊಂಡ. ನಾನು ಜನ ಎಣಿಸ್ದೆ. 5 ಜನ ಹೋಗಿದ್ರು, ಜೀಪ್ ಹತ್ರ 4 ಜನ. ಐದನೆಯವನು ಎಲ್ಲಿ ಅಂದ್ರೆ ಇಲ್ಲೇ ಎಲ್ಲೋ ಇದಾನೆ ಸಾರ್, ಮನೆ ಹತ್ರ ಅಲ್ವಾ ಹೋಗಿರ್ತಾನೆ ಅಂದ್ರು. ಆ ಹೊತ್ತಿಗೆ ಮೇಲಿಂದ ಫೋನ್, ಇಡೀ ತಾಲೂಕು ಕತ್ತಲೆ, ಆಸ್ಪತ್ರೆ ಜನರೇಟರ್ ಮೇಲಿದೆ, ದೊಡ್ಡೋರು ಊರಲ್ಲಿದಾರೆ, ಯಾಕೆ ಚಾರ್ಜ್ ಮಾಡ್ತಿಲ್ಲ ಅಂತ. ನಾನು ಮಾಡಲ್ಲ ಅಂದೆ. 40 ನಿಮಿಷ ಟಾರ್ಚ್ ಹಿಡ್ಕೊಂಡು ಹುಡುಕಿದ್ವಿ. ಹಳ್ಳದ ಆಚೆ ಟವರ್ ಹತ್ರ ಸಿಕ್ದ. ಇನ್ಸುಲೇಟರ್ ಒಡೆದಿರೋ ಹಾಗೆ ಕಾಣ್ತು ಅಂತ ಒಬ್ನೇ ಹತ್ತೋಕೆ ಹೋಗಿದ್ದ, ಯಾರಿಗೂ ಹೇಳಿರ್ಲಿಲ್ಲ.

ಮಾರನೆ ದಿನ ನನಗೆ ಮೆಮೋ ಬಂತು. ಅದು ಈಗ್ಲೂ ನನ್ನ ಹತ್ರ ಇದೆ. ಆದ್ರೆ ನಾನು ಅವತ್ತು ಎಣಿಸಿದ್ದಕ್ಕೆ ಕಾರಣ ನನ್ನ ಧೈರ್ಯ ಅಲ್ಲ, ಅದಕ್ಕೂ 14 ವರ್ಷ ಹಿಂದೆ ನನ್ನ ಮೊದಲ ಪೋಸ್ಟಿಂಗಲ್ಲಿ ಒಬ್ಬ ಲೈನ್‌ಮ್ಯಾನ್ ತೀರ್ಕೊಂಡಿದ್ದ. ಫೀಡರ್ ಆಫ್ ಮಾಡಿದ್ವಿ, ಡಿಸ್ಚಾರ್ಜ್ ರಾಡ್ (ಲೈನನ್ನ ಭೂಮಿಗೆ ಜೋಡಿಸೋ ಕೋಲು) ಹಾಕಿರ್ಲಿಲ್ಲ. ಪಕ್ಕದ ಗಿರಣಿಯ ಜನರೇಟರಿಂದ ಹಿಂದಕ್ಕೆ ಕರೆಂಟ್ ಬಂತು. ರಾಡ್ ಹಾಕಿದಾರಾ ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ಹೊಸ ಕೆಲ್ಸದಲ್ಲಿ ಯಾವ ಪ್ಲಾಂಟನ್ನ ಬೇಕಾದ್ರೂ ನಿಲ್ಸು ಅನ್ನೋ ಅಧಿಕಾರ ನಿನ್ನ ಕೈಲಿರುತ್ತಾ, ಅದನ್ನ ಮೊದ್ಲು ಕೇಳು. ಸಂಬಳ ಆಮೇಲೆ.

ಸಂಜೆ_ಶಿಫ್ಟ್

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದ್ದೆ.

ನಾನು ಲೋಡ್ ಡೆಸ್ಪ್ಯಾಚಲ್ಲಿ (ಗ್ರಿಡ್‌ನ ಉತ್ಪಾದನೆ, ಬಳಕೆ ಸರಿದೂಗಿಸೋ ಕಂಟ್ರೋಲ್ ರೂಮ್) ಕೆಲ್ಸ ಮಾಡೋಳು, ಹೆಸ್ರು ಬೇಡ. ಬಯಲುಸೀಮೆ ಅವ್ರೇ, ನಿಮ್ಮ ಪ್ಲಾಂಟು ನಮ್ಮ ಸ್ಕ್ರೀನ್ ಮೇಲೆ ಒಂದು ನಂಬರ್ ಅಷ್ಟೇ, ಆದ್ರೆ ಸಂಜೆ 5ರಿಂದ 7ರ ಒಳಗೆ ಆ ನಂಬರೆಲ್ಲ ಒಟ್ಟಿಗೆ ಸೊನ್ನೆಗೆ ಇಳಿಯುತ್ತೆ, ಅದೇ ಹೊತ್ತಿಗೆ ಊರಲ್ಲೆಲ್ಲ ದೀಪ ಹತ್ಕೊಳ್ಳುತ್ತೆ. ದಿನಕ್ಕೆ 15 ನಿಮಿಷದ 96 ಬ್ಲಾಕ್, ಪ್ರತಿ ಬ್ಲಾಕಿಗೂ ಶೆಡ್ಯೂಲ್, ಫ್ರೀಕ್ವೆನ್ಸಿ 49.90ರಿಂದ 50.05 ಹರ್ಟ್ಸ್ ಒಳಗಿರ್ಬೇಕು. ಆ ಎರಡು ಗಂಟೆ ಶರಾವತಿ ಯೂನಿಟ್‌ಗಳು ನಮ್ಮ ಕೈ ಹಿಡೀತವೆ, ನಿಮಿಷಗಳಲ್ಲಿ ಲೋಡ್ ತಗೊಳ್ತವೆ. 2020ರ ಏಪ್ರಿಲ್ 5ನೇ ತಾರೀಕು ರಾತ್ರಿ 9ಕ್ಕೆ 9 ನಿಮಿಷ ದೀಪ ಆರಿಸಿದ್ದು ನೆನಪಿದ್ಯಲ್ಲ, ದೇಶದ ಲೋಡು 31 ಸಾವಿರ ಮೆಗಾವ್ಯಾಟ್‌ಗಿಂತ ಜಾಸ್ತಿ ಬಿತ್ತು, ಮತ್ತೆ ಎದ್ದಿತು. ಗ್ರಿಡ್ ನಿಂತ್ಕೊಳ್ತು ಅಂದ್ರೆ ಎರಡು ದಿನ ಮುಂಚೆಯಿಂದ ಯಾವ ಹೈಡ್ರೋ ಯೂನಿಟ್ ಎಷ್ಟು ನಿಮಿಷಕ್ಕೆ ಎಷ್ಟು ಇಳೀಬೇಕು ಅಂತ ಕೂತು ಬರೆದಿಟ್ಟ ಜನ ಇದ್ರು.

ಅದಕ್ಕೂ ಹಿಂದೆ 2012ರ ಜುಲೈ 30, 31ಕ್ಕೆ ಉತ್ತರದ ಗ್ರಿಡ್ ಬಿದ್ದಾಗ ನಮ್ಮ ದಕ್ಷಿಣದ ಗ್ರಿಡ್ ಉಳೀತು, ಯಾಕಂದ್ರೆ ಆಗ ನಾವು ಮಿಕ್ಕ ದೇಶದ ಜೊತೆ ಒಂದೇ ಫ್ರೀಕ್ವೆನ್ಸೀಲಿ ಇರ್ಲಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು ಸೋಲಾಪುರ 765 ಕೆವಿ ಲೈನ್ ಮೂಲಕ ಸೇರ್ಕೊಂಡ್ವಿ. ಈಗ ಅಲ್ಲಿ ಏನಾದ್ರೂ ಆದ್ರೆ ಇಲ್ಲೂ ನಡುಗುತ್ತೆ. ಹಾಗಾಗಿ 4 ರಾಜ್ಯ ನೋಡ್ಕೊಳೋ ಹೆಡ್‌ಗೆ ತನ್ನ ಪ್ಲಾಂಟ್ ಗೇಟಿನ ಆಚೆ ಏನಾಗ್ತಿದೆ ಅಂತ ಗೊತ್ತಿರ್ಬೇಕು. ಮೋಡ ಬಂದು ನಿಮ್ಮ ಜನರೇಷನ್ ಬಿದ್ದಾಗ ನಾವು ಫೋನ್ ಮಾಡಿದ್ರೆ ಎತ್ತೋರು ಯಾರು, ಅವ್ರಿಗೆ ನಿರ್ಧಾರ ಮಾಡೋ ಅಧಿಕಾರ ಇದ್ಯಾ? ಎಷ್ಟೋ ಕಂಪ್ನೀಲಿ ಕೇಳಿ ಹೇಳ್ತೀವಿ ಮೇಡಂ ಅಂತಾರೆ, ಅಷ್ಟರಲ್ಲಿ ಬ್ಲಾಕೇ ಮುಗಿದಿರುತ್ತೆ.

ಸಿಸ್ಟಂ ಆಪರೇಟರ್‌ಗಳಿಗೆ ಸರ್ಟಿಫಿಕೇಷನ್ ಪರೀಕ್ಷೆ ಇದೆ, ಎನ್‌ಪಿಟಿಐ (ಕೇಂದ್ರದ ವಿದ್ಯುತ್ ತರಬೇತಿ ಸಂಸ್ಥೆ) ನಡೆಸುತ್ತೆ. ಅವ್ರ ಒಂದು ಸಂಸ್ಥೆ ಬೆಂಗ್ಳೂರಿನ ಬನಶಂಕರಿ ಕಡೆಯೇ ಇದೆ. ಪರೀಕ್ಷೆ ಬರೀದಿದ್ರೂ ಆ ಸಿಲಬಸ್ ಓದಿ, ಎಂಬಿಎಗಿಂತ ನಿಮಗೆ ಅದು ಹತ್ರದ್ದು.

ಇನ್ನೊಂದು ಮಾತು, ಇದು ನನ್ನ ಸ್ವಂತದ್ದು. ನಾನು ಮೊದ್ಲು ಕೆಲ್ಸ ಮಾಡಿದ ಒಂದು ಸಬ್‌ಸ್ಟೇಷನ್ನಲ್ಲಿ ಹೆಣ್ಮಕ್ಳಿಗೆ ಟಾಯ್ಲೆಟ್ ಇರ್ಲಿಲ್ಲ, ನೈಟ್ ಶಿಫ್ಟಿಗೆ ರೂಮ್ ಇರ್ಲಿಲ್ಲ, ಅದನ್ನೇ ಕಾರಣ ಮಾಡಿ ನನ್ನ ನೈಟ್ ಶಿಫ್ಟಿಂದ ತೆಗೆದ್ರು. ನೈಟ್ ಶಿಫ್ಟ್ ಮಾಡಿಲ್ಲ ಅಂದ್ರೆ ಅನುಭವ ಸಾಲ್ದು, ಅನುಭವ ಸಾಲ್ದು ಅಂದ್ರೆ ಇನ್‌ಚಾರ್ಜ್ ಕೊಡಲ್ಲ. ನೀವು ಹೆಡ್ ಆದ್ರೆ ನಿಮ್ಮ ಸೈಟ್‌ಗಳಲ್ಲಿ ಆ ರೂಮ್ ಮೊದ್ಲು ಕಟ್ಸಿ. ಹತ್ತು ವರ್ಷ ಆದ್ಮೇಲೆ ಲೀಡರ್‌ಶಿಪ್ಪಲ್ಲಿ ಹೆಂಗಸ್ರು ಯಾಕಿಲ್ಲ ಅಂತ ಹುಡುಕೋದು ತಪ್ಪುತ್ತೆ.

ಬಯಲುಸೀಮೆ_ಇಂಜಿನಿಯರ್

ಮೇಡಂ, ನಮ್ಮ 3 ಸೈಟಲ್ಲೂ ಆ ರೂಮ್ ಇಲ್ಲ. ಯಾರೂ ಕೇಳಿಲ್ಲ ಅಂತ ಅಂದ್ಕೊಂಡಿದ್ದೆ, ಕೇಳೋಕೆ ಅಲ್ಲಿ ಹೆಣ್ಮಕ್ಳೇ ಇಲ್ಲ ಅನ್ನೋದು ಈಗ ಹೊಳೀತು.

ಇಇ ಸರ್, ನಿಮಗೆ ಒಂದು ಹೇಳ್ಬೇಕು. ಎರಡು ವರ್ಷದ ಹಿಂದೆ ಮಾರ್ಚ್ ಕೊನೇಲಿ, ಟಾರ್ಗೆಟ್ ಒತ್ತಡ ಜಾಸ್ತಿ ಇದ್ದಾಗ ಒಂದು ಕಂಬೈನರ್ ಬಾಕ್ಸಲ್ಲಿ (ಪ್ಯಾನಲ್ ಸಾಲುಗಳ ವೈರೆಲ್ಲ ಸೇರೋ ಪೆಟ್ಟಿಗೆ) ಫಾಲ್ಟ್ ಬಂತು. ವರ್ಕ್ ಪರ್ಮಿಟ್ ಮೇಲೆ ನಾನು ಕಂಟ್ರೋಲ್ ರೂಮಲ್ಲೇ ಕೂತು ಸೈನ್ ಹಾಕ್ದೆ, ಜಾಗಕ್ಕೆ ಹೋಗಲಿಲ್ಲ. ಸೋಲಾರಲ್ಲಿ ಕೆಲ್ಸ ಮಾಡೋರಿಗೆ ಗೊತ್ತು, ಇನ್ವರ್ಟರ್ ಆಫ್ ಮಾಡಿದ್ರೂ ಬಿಸಿಲಿರೋವರ್ಗೂ ಡಿಸಿ ಸೈಡು ಜೀವಂತ, 1500 ವೋಲ್ಟ್ ತನಕ ಇರುತ್ತೆ, ಎಸಿ ಥರ ಸೊನ್ನೆ ದಾಟೋ ಕರೆಂಟ್ ಅಲ್ಲ ಅದು, ಆರ್ಕ್ ಹತ್ಕೊಂಡ್ರೆ ಆರಲ್ಲ. ಸ್ಟ್ರಿಂಗ್ (ಪ್ಯಾನಲ್ ಸಾಲಿನ ವೈರು) ಬಿಡಿಸ್ದೆ ಹುಡುಗ ಫ್ಯೂಸ್ ಎಳ್ದ. ಬಲಗೈ ಮೊಣಕೈ ತನಕ ಸುಟ್ಟೋಯ್ತು. 23 ವರ್ಷ ಅವ್ನಿಗೆ. ಈಗ ಸ್ಟೋರ್ಸಲ್ಲಿ ಕೆಲ್ಸ ಮಾಡ್ತಾನೆ, ಎಡಗೈಲಿ ಬರೆಯೋದು ಕಲ್ತಿದಾನೆ. ರಿಪೋರ್ಟಲ್ಲಿ ಟೆಕ್ನಿಷಿಯನ್ ಅಜಾಗರೂಕತೆ ಅಂತ ಬಂತು, ನಾನು ಅದರ ಮೇಲೂ ಸೈನ್ ಹಾಕಿದೀನಿ. ಇದನ್ನ ಇದುವರ್ಗೂ ಮನೇಲಿ ಬಿಟ್ರೆ ಬೇರೆಲ್ಲೂ ಹೇಳಿಲ್ಲ. ಈ ಪೋಸ್ಟಿಗೆ ನಾನು ಲಾಯಕ್ಕಾ ಅನ್ನೋ ಪ್ರಶ್ನೆಯ ಹಿಂದೆ ಇದೂ ಇದೆ.

ನಿವೃತ್ತ_ಇಇ

ಇಂಟರ್‌ವ್ಯೂನಲ್ಲಿ ಇದನ್ನೇ ಹೇಳು. ಅದಕ್ಕೂ ಮುಂಚೆ ಆ ಹುಡುಗನ ಹತ್ರ ಹೋಗಿ ರಿಪೋರ್ಟ್ ವಿಷ್ಯ ಮಾತಾಡು, ಸರಿ ಮಾಡೋಕಾಗುತ್ತಾ ನೋಡು.

ಪಾವಗಡದ_ರೈತನ_ಮಗ

ಅಣ್ಣ ನಮ್ದೂ ಜಮೀನು ಸೋಲಾರ್ ಪಾರ್ಕಿಗೆ ಹೋಗಿದೆ. 13 ಸಾವಿರ ಎಕ್ರೆ, 2050 ಮೆಗಾವ್ಯಾಟು, ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅಂತ 5 ಊರು. ಜಮೀನು ಕೊಂಡ್ಕೊಳ್ದೆ ಗುತ್ತಿಗೆ ತಗೊಂಡಿದ್ದು ಒಳ್ಳೇದಾಯ್ತು, ಎಕ್ರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಂದ್ಸಲ 5% ಏರುತ್ತೆ. ಮಳೆ ನಂಬ್ಕೊಂಡು ಕಡ್ಲೆಕಾಯಿ ಹಾಕಿ ಕೈ ಸುಟ್ಕೊಳ್ತಿದ್ದ ನಮ್ಮಪ್ಪನಿಗೆ ಅದು ದೊಡ್ಡ ಧೈರ್ಯ. ಆದ್ರೆ ಜಮೀನಿಲ್ದೋರ ಕಥೆ ಬೇರೆ, ನಮ್ಮ ಹೊಲದಲ್ಲಿ ಕೂಲಿಗೆ ಬರ್ತಿದ್ದೋರಿಗೆ ಗುತ್ತಿಗೆ ದುಡ್ಡೂ ಇಲ್ಲ ಕೂಲೀನೂ ಇಲ್ಲ, ಕುರಿ ಮೇಯ್ಸೋಕೆ ಬೇಲಿ ಅಡ್ಡ. ಒಂದಷ್ಟು ಜನಕ್ಕೆ ಹುಲ್ಲು ಕೊಯ್ಯೋದು, ಪ್ಯಾನಲ್ ತೊಳಿಯೋದು, ಸೆಕ್ಯುರಿಟಿ ಸಿಕ್ತು, ಮಿಕ್ಕೋರು ಬೆಂಗ್ಳೂರಿಗೆ ಹೋದ್ರು.

ದೊಡ್ಡ ಪೋಸ್ಟಿಗೆ ಹೋಗೋರು ಇದನ್ನ ತಲೇಲಿಟ್ಕೊಳ್ಳಿ ಅಂತ ಕೇಳ್ಕೊಳ್ತೀನಿ. ನಾನು ಐಟಿಐ ಎಲೆಕ್ಟ್ರಿಷಿಯನ್ ಮಾಡಿ ಈಗ ಒಂದು ಪ್ಲಾಂಟಲ್ಲಿ ಟೆಕ್ನಿಷಿಯನ್. ನಮ್ಮಲ್ಲಿ ಟೆಕ್ನಿಷಿಯನ್ ಆಗಿ ಸೇರಿದೋರು ಟೆಕ್ನಿಷಿಯನ್ ಆಗೇ ಇದಾರೆ, ಶಿಫ್ಟ್ ಇನ್‌ಚಾರ್ಜ್ ಆಗ್ಬೇಕು ಅಂದ್ರೆ ಡಿಪ್ಲೊಮಾ ಕೇಳ್ತಾರೆ, ಕೆಲ್ಸ ಮಾಡ್ತಾ ಡಿಪ್ಲೊಮಾ ಓದೋಕೆ ರಜಾ ಕೊಡಲ್ಲ. ನಮ್ಮ ಊರಿನೋನು ಒಬ್ನಾದ್ರೂ ಮೇಲೆ ಬಂದ್ರೆ ಗಲಾಟೆ ಆದಾಗ ಗೇಟ್ ಹತ್ರ ಪೊಲೀಸ್ ಬರೋ ಮುಂಚೆ ಅವ್ನು ಬರ್ತಾನೆ.

ಸಾಗರ_ಸೀಮೆ

ಮೇಲಿನವ್ರ ಮಾತಿಗೆ ನಂದೂ ಒಂದು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಊರು ಬಿಟ್ಟೋರ ಮನೆತನ ನಮ್ದು. ಇವತ್ತಿಗೂ ಎಷ್ಟೋ ಕುಟುಂಬಕ್ಕೆ ಕೊಟ್ಟ ಜಾಗದ ಹಕ್ಕುಪತ್ರ ಸರಿಯಾಗಿಲ್ಲ. ಈಗ ಅದೇ ಕಣಿವೇಲಿ ತಲಕಳಲೆ ಮತ್ತೆ ಗೇರುಸೊಪ್ಪೆ ಮಧ್ಯೆ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಅಂತ ಬಂದಿದೆ. ಹಗಲು ಸೋಲಾರ್ ಕರೆಂಟಲ್ಲಿ ನೀರು ಮೇಲೆತ್ತಿ ಸಂಜೆ ಬಿಡೋದು, ತಾಂತ್ರಿಕವಾಗಿ ಯಾಕೆ ಬೇಕು ಅಂತ ಸಂಜೆ ಶಿಫ್ಟ್ ಮೇಡಂ ಹೇಳಿದ್ದು ಅರ್ಥ ಆಗುತ್ತೆ. ಆದ್ರೆ ಅದು ಸಿಂಗಳೀಕದ ಅಭಯಾರಣ್ಯ, ಮಳೆಕಾಡು. ಕ್ಲೀನ್ ಎನರ್ಜಿ ಅಂತ ಹೆಸರಿಟ್ಟ ಮಾತ್ರಕ್ಕೆ ನಮ್ಮ ಪ್ರಶ್ನೆ ಮುಗಿಯಲ್ಲ. ನಮ್ಮ ಊರಿಗೆ ಬಂದು ಸಭೇಲಿ ಎರಡು ಗಂಟೆ ಬೈಸ್ಕೊಂಡು, ಎದ್ದು ಹೋಗ್ದೆ ಕೂತು ಉತ್ತರ ಕೊಟ್ಟ ಅಧಿಕಾರಿ ಒಬ್ರನ್ನ ನೋಡಿದೀನಿ. ಯೋಜನೆಗೆ ನಾವು ಒಪ್ಪಲಿಲ್ಲ, ಅವ್ರ ಮೇಲೆ ಗೌರವ ಮಾತ್ರ ಇದೆ.

ಕೃಷ್ಣಾ_ದಂಡಿ

ರಾಯಚೂರಿನಾಗ ಥರ್ಮಲ್‌ನಾಗ ಕೆಲ್ಸ ಮಾಡಾಂವ ನಾನು, ಗುತ್ತಿಗೆದಾರನ ಕೈಯಾಗ, 16 ವರ್ಷ ಆತು. 1720 ಮೆಗಾವ್ಯಾಟಿನ ಸ್ಟೇಷನ್ ಅದು, 1985ರಾಗ ಮೊದಲ್ನೇ ಯೂನಿಟ್ ಚಾಲೂ ಆಗಿದ್ದು. ನೀವೆಲ್ಲ ಸೋಲಾರು ವಿಂಡು ಅಂತ ಮಾತಾಡ್ಲಿಕತ್ತೀರಿ, ಅದಕ್ಕ ತಕ್ಕಂಗ ಹಗಲೊತ್ತು ನಮ್ಮ ಯೂನಿಟ್ ಲೋಡ್ ಇಳಿಸಬೇಕಾಗ್ತದ, 2023ರ ರೂಲಿನ ಪ್ರಕಾರ ಕಲ್ಲಿದ್ದಲ ಯೂನಿಟ್ 55% ತನಕ ಇಳೀಬೇಕು, ಮುಂದ 40% ಅಂತಾರ. ಬಾಯ್ಲರ್ ದಿನಾ ಹಿಂಗ ಏರಿಸಿ ಇಳಿಸಿ ಮಾಡಿದ್ರ ಟ್ಯೂಬ್ ಸೋರ್ತಾವ, ಅದನ್ನ ರಿಪೇರಿ ಮಾಡಾವ್ರು ನಾವು. ನಮ್ಮ ಮಂದಿ ಪಂಪು, ವಾಲ್ವು, ಬ್ರೇಕರು, ಫೈರ್ ಫೈಟಿಂಗು ಎಲ್ಲಾ ಬಲ್ಲವ್ರು. ಬ್ಯಾಟರಿ ಪ್ರಾಜೆಕ್ಟಿಗೆ ಬೆಂಗ್ಳೂರಿನಾಗ ಹೊಸ ಹುಡುಗ್ರನ್ನ ಹುಡುಕ್ತೀರಿ, ನಮ್ಮನ್ನ ಯಾರೂ ಕೇಳಂಗಿಲ್ಲ. ಬ್ಯಾಟರಿ ಕಂಟೇನರಿಗೆ ಬೆಂಕಿ ಬಿದ್ರ ಏನು ಮಾಡ್ಬೇಕು ಅಂತ 3 ತಿಂಗಳು ಕಲಿಸಿದ್ರ ನಾವೂ ಕಲಿತೀವ್ರಿ. ಸಾಹೇಬ್ರ, ನೀವು ಹೆಡ್ ಆದ್ರ ಇದೊಂದು ನೆನಪಿಡ್ರಿ.

ಒಟಿ_ಕಾವಲು

ಒಂದು ವಿಷ್ಯ ಯಾರೂ ಹೇಳಿಲ್ಲ ಅಂತ ಬರೀತಿದೀನಿ. ಕಂಟ್ರೋಲ್ ಸಿಸ್ಟಂಗಳ ಸೈಬರ್ ಸುರಕ್ಷತೆ ನನ್ನ ಕೆಲ್ಸ. 2015ರ ಡಿಸೆಂಬರ್ 23ಕ್ಕೆ ಉಕ್ರೇನಲ್ಲಿ ಹ್ಯಾಕರ್‌ಗಳು 3 ವಿತರಣಾ ಕಂಪ್ನಿಗಳ ಸ್ಕಾಡಾ (ದೂರದಿಂದ ನಡೆಸೋ ಕಂಪ್ಯೂಟರ್ ವ್ಯವಸ್ಥೆ) ಒಳಗೆ ಹೊಕ್ಕು ಬ್ರೇಕರ್ ಆಫ್ ಮಾಡಿದ್ರು, 2 ಲಕ್ಷ 25 ಸಾವಿರ ಗ್ರಾಹಕರಿಗೆ ಕರೆಂಟ್ ಹೋಯ್ತು. ಕೆಲವೇ ಗಂಟೇಲಿ ವಾಪಸ್ ಬಂತು, ಹೆಂಗೆ ಅಂದ್ರೆ ಅವ್ರ ಜನ ವ್ಯಾನ್ ಹತ್ಕೊಂಡು ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಲ್ಲೇ ಬ್ರೇಕರ್ ಹಾಕಿದ್ರು. ಕೈಯಲ್ಲಿ ನಡೆಸೋದು ಗೊತ್ತಿರೋ ಜನ ಇನ್ನೂ ಉಳಿದಿದ್ರು ಅಲ್ಲಿ. ನಮ್ಮಲ್ಲಿ ಹೊಸ ಸೋಲಾರ್ ಪ್ಲಾಂಟ್‌ಗಳನ್ನ ದೂರದ ಊರಿಂದ ರಿಮೋಟಲ್ಲಿ ನೋಡ್ಕೊಳ್ತಾರೆ, ಇನ್ವರ್ಟರ್ ಕಂಪ್ನಿಯೋರಿಗೂ ಲಾಗಿನ್ ಕೊಟ್ಟಿರ್ತಾರೆ. 2021ರ ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ಮಾರ್ಗಸೂಚಿ ಬಂದ್ಮೇಲೆ ವಿದ್ಯುತ್ ಸಂಸ್ಥೆಗಳು ಸಿಐಎಸ್‌ಒ ಅಂತ ಸೈಬರ್ ಸುರಕ್ಷತೆ ನೋಡ್ಕೊಳೋ ಒಬ್ಬ ಅಧಿಕಾರಿನ ನೇಮಿಸ್ಕೋಬೇಕು. ಈ ಕಡೆ ಎಲೆಕ್ಟ್ರಿಕಲ್ ಗೊತ್ತಿರೋ ಜನ ಬಹಳ ಕಮ್ಮಿ, ಬರೀ ಐಟಿಯಿಂದ ಬಂದೋರಿಗೆ ರಿಲೇ ಅಂದ್ರೇನು ಅಂತ ಹೇಳ್ಕೊಡೋದ್ರಲ್ಲೇ ವರ್ಷ ಹೋಗುತ್ತೆ. ಬಯಲುಸೀಮೆ ಅವ್ರೇ, ಯಾರ್ಯಾರಿಗೆ ನಿಮ್ಮ ಪ್ಲಾಂಟಿನ ಲಾಗಿನ್ ಇದೆ ಅಂತ ಒಂದು ಪಟ್ಟಿ ಕೇಳಿ ನೋಡಿ.

ಬಯಲುಸೀಮೆ_ಇಂಜಿನಿಯರ್

ಮೂರು ವಾರ ಆಯ್ತು, ಎಲ್ರಿಗೂ ಉತ್ತರ ಕೊಡ್ಬೇಕು.

ಪಿಪಿಎ ಓದ್ದೆ, 4 ರಾತ್ರಿ ಹಿಡೀತು, ಲೆಕ್ಕದ ಸರ್ ಹೇಳಿದ್ದು ನಿಜ. ಲಾಗಿನ್ ಪಟ್ಟಿ ತರ್ಸಿದೆ, 31 ಹೆಸ್ರು ಇತ್ತು, ಅದ್ರಲ್ಲಿ 9 ಜನ ಕಂಪ್ನಿ ಬಿಟ್ಟೋಗಿದಾರೆ, ತೆಗೆಸ್ದೆ. ಸುಟ್ಟ ಕೈಯ ಹುಡುಗನ ಮನೆಗೆ ಹೋಗಿದ್ದೆ. ಅವನಮ್ಮ ಕಾಫಿ ಕೊಟ್ರು. ನಾನು ಸೈನ್ ಹಾಕಿದ್ದು ತಪ್ಪು, ಜಾಗಕ್ಕೆ ಬರ್ಬೇಕಿತ್ತು ಅಂತ ಹೇಳ್ದೆ. ಅವ್ನು ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ ಗೊತ್ತಿತ್ತು ಸಾರ್ ಅಂದ. ರಿಪೋರ್ಟ್ ಮತ್ತೆ ತೆಗೀಬೇಕು ಅಂತ ಲೆಟರ್ ಬರ್ದಿದೀನಿ, ಇನ್ನೂ ಉತ್ತರ ಬಂದಿಲ್ಲ.

ಇಂಟರ್‌ವ್ಯೂನಲ್ಲಿ ಅದನ್ನೇ ಮೊದ್ಲು ಹೇಳ್ದೆ. ಎದುರಿಗಿದ್ದ ಮೂರು ಜನದಲ್ಲಿ ಒಬ್ರಿಗೆ ಇಷ್ಟ ಆಗಲಿಲ್ಲ ಅನ್ಸುತ್ತೆ, ಮುಖದಲ್ಲಿ ಕಾಣ್ತು. ಸೇಫ್ಟಿ ಕಾರಣಕ್ಕೆ ಯಾವ ಪ್ಲಾಂಟ್ ನಿಲ್ಸೋಕೂ ಯಾರನ್ನೂ ಕೇಳ್ಬೇಕಾಗಿಲ್ಲ ಅಂತ ಆಫರ್ ಲೆಟರಲ್ಲಿ ಬರ್ಕೊಡಿ ಅಂತ ಕೇಳ್ದೆ, ನಂಗಷ್ಟೇ ಅಲ್ಲ ಸೈಟ್ ಇನ್‌ಚಾರ್ಜ್‌ಗೂ ಅದೇ ಅಧಿಕಾರ ಇರ್ಬೇಕು ಅಂದೆ. ಹತ್ತು ದಿನ ಏನೂ ಸುದ್ದಿ ಇರ್ಲಿಲ್ಲ, ಬರಲ್ಲ ಅಂತಲೇ ತಿಳ್ಕೊಂಡಿದ್ದೆ. ಮೊನ್ನೆ ಬಂತು, ಆ ಸಾಲು ಇದೆ. ಸೈಟ್ ಇನ್‌ಚಾರ್ಜ್ ವಿಷ್ಯ ಇಲ್ಲ, ಪಾಲಿಸಿ ಮಾಡೋಣ ಅಂದಿದಾರೆ, ಅದನ್ನ ಬಿಡಲ್ಲ ನಾನು.

ಎಂಬಿಎ ಮಾಡ್ತಿಲ್ಲ. ಮನೆಯೋರು ಶಿರಾದಲ್ಲೇ ಇರ್ತಾರೆ ಸದ್ಯಕ್ಕೆ, ಶನಿವಾರ ಬಂದು ಹೋಗೋದು. ಪಾವಗಡದ ತಮ್ಮ, ಡಿಪ್ಲೊಮಾ ಓದೋರಿಗೆ ಪರೀಕ್ಷೆ ರಜಾ ಅಂತ ಒಂದು ಪ್ರಪೋಸಲ್ ಬರೀತಿದೀನಿ, ವಾರಕ್ಕೆ ಎಷ್ಟು ದಿನ ಕ್ಲಾಸು, ಪರೀಕ್ಷೆ ಯಾವ ತಿಂಗ್ಳು ಅಂತ ವಿವರ ಕಳ್ಸು. ಮೇಡಂ, ಬ್ಯಾಟರಿ ಸೈಟಿನ ಡ್ರಾಯಿಂಗ್ ಇನ್ನೂ ಫೈನಲ್ ಆಗಿಲ್ಲ, ರೂಮ್ ಸೇರ್ಸೋಕೆ ಹೇಳಿದೀನಿ. ಕೃಷ್ಣಾ ದಂಡಿ ಅಣ್ಣ, ಅದೇ ಸೈಟಿಗೆ ಎರಡು ತಿಂಗ್ಳಲ್ಲಿ ಜನ ತಗೊಳ್ತಾರೆ, ನಿಮ್ಮ ಬಯೋಡೇಟಾ ಇಲ್ಲೇ ಇನ್‌ಬಾಕ್ಸಿಗೆ ಹಾಕಿ.

ಕೃಷ್ಣಾ_ದಂಡಿ

ಹಾಕೀನ್ರಿ ಸಾಹೇಬ್ರ. ನಂದೊಂದೇ ಅಲ್ಲ, ನಮ್ಮ ಗ್ಯಾಂಗಿನ ಇನ್ನೂ 6 ಮಂದೀದು ಅದ. ಒಬ್ಬಾತಗ ಇಂಗ್ಲಿಷ್ ಬರಂಗಿಲ್ಲ, ಬ್ರೇಕರ್ ಕೆಲ್ಸದಾಗ ಅಂವನೇ ಶಾಣ್ಯಾ. ಕನ್ನಡದಾಗ ಇಂಟರ್‌ವ್ಯೂ ಮಾಡ್ತಾರೇನು ಕೇಳಿ ಹೇಳ್ರಿ.